ಹನ್ನೊಂದು ಮಂದಿಗೆ ಒಂದು ಪಾತ್ರೆ

ಆ ವಾಕ್ಯ ಬರೆದದ್ದು ನಾನು. ಸೋಮಲಿಂಗ ಸಾಯುವುದಕ್ಕೆ ಐದು ತಿಂಗಳು ಮೊದಲು, ಧಾರವಾಡದ ನಮ್ಮ ಕೇಂದ್ರದ ಎರಡನೇ ಮಹಡಿಯಲ್ಲಿ, ಮಧ್ಯಾಹ್ನ ಊಟದ ಡಬ್ಬಿ ತೆರೆಯುವ ಮುಂಚೆ. ಅದರ ಸಂಖ್ಯೆ ಹದಿನೇಳು.

‘ಕೊನೆಯ ಗಳಿಗೆಯಲ್ಲಿ ಅವರು ತಮ್ಮ ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಪಕ್ಕದವನಿಗೆ ಕೊಟ್ಟರು.’

ಬರೆದು ಊಟ ಮಾಡಿದೆ. ಬದನೆಕಾಯಿ ಪಲ್ಯ ಇತ್ತು.

ನಮ್ಮ ಕೇಂದ್ರದಲ್ಲಿ ತಯಾರಾದ ಯಂತ್ರದ ಹೆಸರು ಕಿವಿಮಾತು. ಪ್ರಧಾನಿ ಒಮ್ಮೆ ಮಾತಾಡುತ್ತಾರೆ. ಯಂತ್ರ ಅವರ ದನಿಯನ್ನು ಹಾಗೆಯೇ ಇಟ್ಟುಕೊಂಡು ಮಾತನ್ನು ಕೇಳುವವರಿಗೆ ತಕ್ಕಂತೆ ಬದಲಿಸುತ್ತದೆ. ಯಾರು ಯಾವ ಭಾಷೆಯವರು, ಯಾವ ಸೀಮೆಯವರು, ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾವುದಕ್ಕೆ ಸುಮ್ಮನಾಗುತ್ತಾರೆ ಎಂಬುದು ಅವರವರ ಫೋನಿಗೆ ಗೊತ್ತು. ಒಂದೇ ಭಾಷಣ ಕೋಟಿಗಟ್ಟಲೆ ಭಾಷಣವಾಗಿ ಮನೆ ತಲುಪುತ್ತದೆ. ಎಲ್ಲಿ ಜನ ಕೇಳುವುದನ್ನು ಬಿಟ್ಟರು, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಕೇಳಿದರು ಎಂಬುದು ನಮ್ಮ ಪರದೆಯ ಮೇಲೆ ಬರುತ್ತದೆ. ಹೆಚ್ಚು ಸಲ ಕೇಳಿದ ವಾಕ್ಯವನ್ನು ಯಂತ್ರ ಒಳ್ಳೆಯ ವಾಕ್ಯ ಎಂದು ತಿಳಿಯುತ್ತದೆ, ಇನ್ನಷ್ಟು ಮನೆಗಳಿಗೆ ಕಳಿಸುತ್ತದೆ.

ಸತ್ತ ಸೈನಿಕರ ಮನೆಗಳಿಗೆಂದೇ ಒಂದು ಭಾಗವಿತ್ತು. ಅದಕ್ಕೆ ಎಲ್ಲ ಭಾಷೆಗಳಲ್ಲಿ ಸೇರಿ ಇನ್ನೂರ ನಲವತ್ತು ವಾಕ್ಯಗಳು. ನಾನು ಭಾಷಾಶಾಸ್ತ್ರ ಓದಿದವಳು. ನಲವತ್ತು ನನ್ನ ಪಾಲಿಗೆ ಬಂದವು. ಹದಿನೇಳನೆಯದು ಎಲ್ಲ ಭಾಷೆಗಳಿಗೂ ಹೋಯಿತು. ಆಗ ಯುದ್ಧ ಇರಲಿಲ್ಲ.

ಯುದ್ಧ ಶುರುವಾದ ಹನ್ನೊಂದನೇ ದಿನ, ಏಳನೇ ಠಾಣೆ ಎಂದು ಕರೆಯುವ ಹಿಮದ ಕಣಿವೆಯಲ್ಲಿ, ಹತ್ತೊಂಬತ್ತು ಗಂಟೆಗಳಲ್ಲಿ ಸಾವಿರದ ನೂರ ನಲವತ್ತಾರು ಮಂದಿ ಸತ್ತರು. ಅದರಲ್ಲಿ ನಮ್ಮೂರು ಬೆಣಚಿನಾಳದವರು ಇಬ್ಬರು. ನನ್ನ ಗಂಡ ಸೋಮಲಿಂಗ, ಮತ್ತು ಹಳ್ಳದಾಚೆಯ ಕೇರಿಯ ಫಕೀರಪ್ಪ. ಒಂದೇ ತುಕಡಿ.

ನಮ್ಮ ಮದುವೆಯಾಗಿ ಹದಿನಾಲ್ಕು ತಿಂಗಳಾಗಿತ್ತು.

ಸಂದೇಶ ಬಂದದ್ದು ನನ್ನ ಅತ್ತೆ ಬಾಳವ್ವನ ಫೋನಿಗೆ. ಮನೆಯ ಹಿರಿಯರಿಗೆ ಕಳಿಸಬೇಕೆಂಬುದು ನಿಯಮ. ಸಾವಿನ ಸುದ್ದಿ ತಿಳಿದು ನಾನು ಊರಿಗೆ ಬಂದಿದ್ದೆ, ಅತ್ತೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ಪ್ರಧಾನಿಯ ದನಿ ನಮ್ಮ ಸೀಮೆಯ ಮಾತಿನಲ್ಲಿ, ‘ಬಾಳವ್ವಾರ, ನಿಮ್ಮ ಮಗ ಸೋಮಲಿಂಗ...’ ಎಂದು ಶುರುವಾಯಿತು. ಆಮೇಲೆ ಹದಿನೇಳನೇ ವಾಕ್ಯ ಬಂತು.

ಅತ್ತೆ ನನ್ನ ಕಡೆ ತಿರುಗಿದರು.

“ಕೇಳಿದ್ಯೇನ ಗಿರಿಜಾ? ನೀರು ಕೊಟ್ಟಾನಂತ.”

“ಕೇಳಿದೆ ಅತ್ತಿ.”

ನನಗೆ ಅಳು ಬರಲಿಲ್ಲ. ಸಂಖ್ಯೆ ನೆನಪಾಯಿತು.

ಎದುರಿನ ಗೋಡೆಯ ಗೂಡಿನಲ್ಲಿ ಸೋಮಲಿಂಗನ ತಂಬಿಗೆ ಇತ್ತು. ಹಿತ್ತಾಳೆಯದು. ಬಾಯಿಯ ಕೆಳಗೆ ಸುತ್ತಲೂ ಅವನ ಹೆಸರು ಕೊರೆಸಿದ್ದರು. ಏಳು ವರ್ಷದವನಿದ್ದಾಗ ಜಿದ್ದು ಮಾಡಿ ಕೊರೆಸಿಕೊಂಡದ್ದು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಚಿಕ್ಕಪ್ಪನ ಮಗ ಅದರಲ್ಲಿ ನೀರು ಕುಡಿದನೆಂದು ಬೂದಿ ಹಾಕಿ ಮೂರು ಸಲ ತಿಕ್ಕಿ, ಎರಡು ದಿನ ಯಾರ ಜೊತೆಗೂ ಮಾತಾಡಿರಲಿಲ್ಲವಂತೆ. ಮದುವೆಯಾದ ಮೇಲೆ ನಾನೂ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಎರಡು ಬಾಟಲಿ ಕೊಳ್ಳುತ್ತಿದ್ದ. “ಇದು ನಂದು, ಅದು ನಿಂದು. ಅದಲಿ ಬದಲಿ ಆಗಬಾರದ ನೋಡ ಮತ್ತ,” ಎನ್ನುತ್ತಿದ್ದ.

ಈಗ ಅತ್ತೆ ದಿನಾ ಬೆಳಿಗ್ಗೆ ಅದನ್ನು ತುಂಬಿಸಿ ಗೂಡಿನಲ್ಲಿಡುತ್ತಿದ್ದರು. ಸಂಜೆ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರು.

ನಮ್ಮ ಕೇಂದ್ರದವರು ಒಂದು ಸಂಗತಿ ಮರೆತಿದ್ದರು. ನಾನೂ ಮರೆತಿದ್ದೆ. ಫೋನಿಗೆ ಬಂದ ಮಾತನ್ನು ಮನುಷ್ಯ ಒಬ್ಬನೇ ಕೂತು ಕೇಳುತ್ತಾನೆ ಎಂದು ನಾವು ಲೆಕ್ಕ ಹಾಕಿದ್ದೆವು. ನಮ್ಮ ಕಡೆ ಸಾವಾದ ಮನೆಗೆ ಜನ ಮಾತಾಡಿಸಲು ಬರುತ್ತಾರೆ. ಬೀಗರು, ಓಣಿಯವರು, ಸಂತೆಯಲ್ಲಿ ಮುಖ ನೋಡಿದವರು. ಬಂದವರಿಗೆ ಏನಾದರೂ ಹೇಳಬೇಕು. ಹೇಗಾಯಿತು, ಕೊನೆಗೆ ಏನೆಂದ, ನೀರು ಕುಡಿದನೋ ಇಲ್ಲವೋ. ಅತ್ತೆಗೆ ಹೇಳಲು ಬೇರೇನೂ ಇರಲಿಲ್ಲ. ಫೋನು ಒತ್ತಿ ನಡುವೆ ಇಡುತ್ತಿದ್ದರು. ಬಂದವರು ಸೆರಗಿನಿಂದ ಮುಖ ಒರೆಸಿಕೊಂಡು, “ದೊಡ್ಡ ಮನಸ ನೋಡವಾ ಅಂವಂದು,” ಎಂದು ಹೋಗುತ್ತಿದ್ದರು. ನಾನು ಎಲ್ಲರಿಗೂ ಚಹಾ ಮಾಡುತ್ತಿದ್ದೆ. ಆ ದಿನಗಳಲ್ಲಿ ನನಗೆ ಚಹಾ ಬಿಸಿ ಇದೆಯೋ ಆರಿದೆಯೋ ತಿಳಿಯುತ್ತಿರಲಿಲ್ಲ. ನಾಲಿಗೆ ಸುಟ್ಟದ್ದು ಮರುದಿನ ಗೊತ್ತಾಗುತ್ತಿತ್ತು.

ಒಂಬತ್ತನೇ ದಿನ ಮುಂಜಾನೆ ಫಕೀರಪ್ಪನ ತಾಯಿ ದುರಗವ್ವ ಬಂದಳು. ಮಗ ಸತ್ತವಳು ಮಗ ಸತ್ತವಳನ್ನು ಮಾತಾಡಿಸಲು ಬಂದಿದ್ದಳು. ಕಟ್ಟೆ ಹತ್ತಲಿಲ್ಲ. ಕೆಳಗೆ ಬೇವಿನ ನೆರಳಿಗೆ ನಿಂತಳು. ಅವರ ಕೇರಿಯವರು ನಿಲ್ಲುವುದು ಅಲ್ಲೇ. ನೀರು ಬೇಕೆಂದರೆ ಬೊಗಸೆ ಒಡ್ಡುತ್ತಾರೆ, ಈ ಮನೆಯವರು ಮೇಲಿನಿಂದ ಸುರಿಯುತ್ತಾರೆ. ನಾನು ಈ ಮನೆಗೆ ಬಂದಾಗಿನಿಂದ ನೋಡಿದ್ದು ಇದೇ. ಒಂದು ಸಲವೂ ನಾನು ಬಾಯಿ ಬಿಟ್ಟವಳಲ್ಲ.

“ಏನ್ ಮಾಡೂದ್ರೀ ಅವ್ವಾರ,” ಎಂದಳು ದುರಗವ್ವ. “ನಿಮ್ಮ ಹುಲಿನೂ ಹೋತು, ನನ್ನ ಹುಲಿನೂ ಹೋತು.”

“ಹೋತಲ್ಲವಾ ದುರಗಿ.” ಅತ್ತೆ ಫೋನು ಒತ್ತಿದರು. ಪ್ರಧಾನಿಯ ಮಾತು ಮುಗಿಯಿತು.

ದುರಗವ್ವ ಸೊಂಟದ ಚೀಲದಿಂದ ತನ್ನ ಫೋನು ತೆಗೆದಳು. ಗಾಜು ಒಡೆದಿತ್ತು. “ನನಗೂ ಹಿಂಗ ಅಂದಾರ್ರೀ,” ಎಂದು ಒತ್ತಿದಳು.

ಅದೇ ದನಿ. ‘ದುರಗವ್ವಾರ, ನಿಮ್ಮ ಮಗ ಫಕೀರಪ್ಪ...’ ಅದೇ ವಾಕ್ಯ.

ಒಂದು ಅಂಚೆಯ ವ್ಯಾಪ್ತಿಗೆ ಒಂದೇ ವಾಕ್ಯ ಎರಡು ಸಲ ಹೋಗಬಾರದೆಂದು ಯಂತ್ರಕ್ಕೆ ನಿಯಮ ಹಾಕಿದ್ದೆವು. ಆದರೆ ಬೆಣಚಿನಾಳದ ಹಳ್ಳದಾಚೆಯ ಮನೆಗಳು ಬೇರೆ ಅಂಚೆಗೆ ಸೇರುತ್ತವೆ. ಯಾಕೆ ಹಾಗೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಯಂತ್ರಕ್ಕೆ ಗೊತ್ತಿರಲಿಲ್ಲ.

ಕಟ್ಟೆಯ ಮೇಲೆ ನನ್ನ ಮಾವನ ತಮ್ಮ ಚನಮಲ್ಲಪ್ಪ ಕಾಕಾ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ಸುಣ್ಣ ಹಚ್ಚುವ ಬೆರಳು ನಿಂತಿತು.

“ತಡೀರಿ ತಡೀರಿ. ಇಬ್ಬರೂ ಬಾಜೂದವಗ ಕೊಟ್ಟಾರ. ಬಾಜೂದಾಂವ ಅಂದ್ರ ಯಾರು? ನಮ್ಮ ಸೋಮಲಿಂಗ ಆ ಹುಡುಗನ ಬಾಟ್ಲಿ ನೀರ ಕುಡದಾನಂತೇನು?”

“ನಾ ಹಂಗ ಅಂದಿಲ್ರೀ ಧಣ್ಯಾರ,” ಎಂದಳು ದುರಗವ್ವ.

“ನೀ ಅಂದಿಲ್ಲ, ನಿನ್ನ ಫೋನ ಅಂದೈತಲ್ಲ.”

“ಕುಡದ್ರ ಏನಾತ್ರೀ? ಸಾಯೂ ಹೊತ್ತಿನ್ಯಾಗ ನಮ್ಮ ನೀರ ಕುಡದ್ರ ನಿಮ್ಮ ಮಗ ಎರಡನೇ ಸಲ ಸಾಯತಾನೇನ್ರೀ?”

ಅವಳು ದನಿ ಏರಿಸಿರಲಿಲ್ಲ. ಕಾಕಾ ಎದ್ದು ನಿಂತರು. ಅತ್ತೆ ಫೋನನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದರು. ದುರಗವ್ವ ಹೊರಟಳು. ಸಂಜೆಯ ಹೊತ್ತಿಗೆ ಅದು ಊರ ಮಾತಾಗಿತ್ತು. ಮರುದಿನ ಹಳ್ಳದಾಚೆಯ ಹೆಣ್ಣುಮಕ್ಕಳು ಈಚೆಯವರ ಹೊಲಕ್ಕೆ ಕಳೆ ತೆಗೆಯಲು ಬರಲಿಲ್ಲ. ಅದರ ಮರುದಿನ ಈಚೆಯವರು ಬೋರಿನ ನೀರು ಆಚೆಗೆ ಬಿಡಲಿಲ್ಲ.

ನಾನು ಹನ್ನೆರಡನೇ ದಿನ ಕೆಲಸಕ್ಕೆ ಮರಳಿದೆ. ಕೇಂದ್ರದ ಮುಖ್ಯಸ್ಥರು ನಾಡಿಗೇರ ಸರ್. ಕನ್ನಡಕ ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಮನುಷ್ಯ.

“ಗಿರಿಜಾ, ನೀವು ಇಷ್ಟ ಲಗೂನ ಬರಬಾರದಿತ್ತು,” ಎಂದರು.

“ಮನೆಯಲ್ಲಿ ಚಹಾ ಮಾಡಿ ಸಾಕಾಯಿತು ಸರ್.”

ಅವರು ಪರದೆ ತೋರಿಸಿದರು. ಬೆಣಚಿನಾಳದಲ್ಲಿ ಆದದ್ದು ಎಲ್ಲೆಡೆ ಆಗುತ್ತಿತ್ತು. ಒಂದು ಸೀಮೆಯವರಿಗೆ ಪ್ರಧಾನಿ ಸೇಡು ತೀರಿಸಿಕೊಳ್ಳುತ್ತೇವೆ ಎಂದಿದ್ದರು, ಇನ್ನೊಂದು ಸೀಮೆಯವರಿಗೆ ಮಾತುಕತೆಯ ಬಾಗಿಲು ಮುಚ್ಚಿಲ್ಲ ಎಂದಿದ್ದರು. ರೈಲಿನಲ್ಲಿ ಎದುರುಬದುರು ಕೂತವರು ಫೋನು ಹೊರತೆಗೆದು ಹೋಲಿಸಿ ನೋಡಿದ್ದರು, ಜಗಳ ಹತ್ತಿ ರೈಲುಗಳೇ ನಿಂತಿದ್ದವು. ಸೈನ್ಯಕ್ಕೆ ಸೇರಲು ಸಾಲು ನಿಂತ ಹುಡುಗರು ಸಾಲಿನಲ್ಲೇ ಹೊಡೆದಾಡಿ ಮನೆಗೆ ಹೋಗಿದ್ದರು. ‘ನಿಮಗೆ ಖರೆ ಹೇಳಿದ್ದಾರೋ ನಮಗೋ’ ಎಂಬುದೊಂದೇ ಪ್ರಶ್ನೆ. ಹದಿನೇಳನೇ ವಾಕ್ಯವನ್ನು ಜನ ಮತ್ತೆ ಮತ್ತೆ ಕೇಳಿದ್ದರಿಂದ ಯಂತ್ರ ಅದನ್ನು ನಾಲ್ಕುನೂರ ಹನ್ನೆರಡು ಮನೆಗಳಿಗೆ ಕಳಿಸಿತ್ತು. ನಾಲ್ಕುನೂರ ಹನ್ನೆರಡು ಮಂದಿ ನೀರು ಕೊಟ್ಟಿದ್ದರು. ಕುಡಿದವನು ಒಬ್ಬನೂ ಇರಲಿಲ್ಲ.

ಹೆಚ್ಚು ಸಲ ಕೇಳಿದ ಮನೆಗಳ ಪಟ್ಟಿಯಲ್ಲಿ ನಮ್ಮ ಮನೆ ಎಲ್ಲಕ್ಕಿಂತ ಮೇಲಿತ್ತು. ಬೆಣಚಿನಾಳ, ಮುನ್ನೂರ ಹನ್ನೊಂದು ಸಲ.

“ಇನ್ನೊಂದ ಭಾಷಣ ಬೇಕಂತ,” ಎಂದರು ನಾಡಿಗೇರ ಸರ್. “ಸಣ್ಣದು. ಒಂದ ನಿಮಿಷ. ಕಿವಿಮಾತಿನ ಹಂಗಿಲ್ಲ. ಎಲ್ಲಾರಿಗೂ ಒಂದ ಮಾತು. ದಿಲ್ಲಿಯವರು ಬರದದ್ದನ್ನ ಯಂತ್ರಕ್ಕ ಕೊಟ್ಟೆ. ಎಲ್ಲಾರಿಗೂ ಒಪ್ಪೂ ಹಂಗ ಮಾಡು ಅಂದೆ. ಏನ್ ಕೊಟ್ಟಿತು ಗೊತ್ತದೇನು? ‘ನಮಸ್ಕಾರ’ ಅಂತ ಕೊಟ್ಟಿತು. ಅಷ್ಟ.”

ನನಗೆ ನಗು ಬರಬೇಕಿತ್ತು. ಬರಲಿಲ್ಲ.

“ನೀವು ಬರೀತೀರೇನು?”

“ಬರೆದರೆ ಹದಿನೇಳನೆಯದು ಸುಳ್ಳು ಎಂದು ಹೇಳಬೇಕಾಗುತ್ತದೆ ಸರ್.”

ಅವರು ಕನ್ನಡಕ ಹುಡುಕಿದರು. ಹಣೆಯ ಮೇಲಿದೆ ಎಂದು ಹೇಳಿದೆ.

“ನಿಮ್ಮ ಅತ್ತಿಯವರು?” ಎಂದು ಕೇಳಿದರು.

ಆ ಹೆಂಗಸಿನ ಬಳಿ ಉಳಿದದ್ದು ಆ ವಾಕ್ಯ ಒಂದೇ. ಅದನ್ನು ಕೊಟ್ಟದ್ದು ನಾನು, ಕಿತ್ತುಕೊಳ್ಳಬೇಕಾದದ್ದೂ ನಾನು.

ಆ ವಾರವೇ ಸೋಮಲಿಂಗನ ಕಾಗದ ಬಂತು. ಸಾಯುವುದಕ್ಕೆ ನಾಲ್ಕು ದಿನ ಮೊದಲು ಬರೆದದ್ದು. ಕಣಿವೆಯಲ್ಲಿ ಫೋನು ನಿಷಿದ್ಧ, ಹಾಗಾಗಿ ಕಾಗದ. ಸೈನ್ಯದ ಅಂಚೆಯಲ್ಲಿ ಎಲ್ಲೆಲ್ಲೋ ಸುತ್ತಿ ಧಾರವಾಡದ ನನ್ನ ಕೋಣೆಗೆ ತಲುಪಿತ್ತು. ಕುರ್ಚಿಯಲ್ಲಿ ಕೂತು ಓದಿದೆ. ಒಂದೂವರೆ ಪುಟ. ಪ್ರೀತಿಯ ಮಾತು ಕೊನೆಯ ಎರಡು ಸಾಲು. ಉಳಿದದ್ದೆಲ್ಲ ಸ್ಟೋವಿನ ಬಗ್ಗೆ.

‘ಇಲ್ಲಿ ಬಾಟಲಿ ಇಟ್ಟುಕೊಳ್ಳುವುದೇ ದಂಡ. ತುಂಬಿದ ಅರ್ಧ ತಾಸಿಗೆ ಕಲ್ಲು. ಹನ್ನೊಂದು ಮಂದಿಗೆ ಒಂದು ಪಾತ್ರೆ, ಒಂದು ಸ್ಟೋವು. ಹಿಮ ಕರಗಿಸಿ ಬಿಸಿ ಇರುವಾಗಲೇ ಎಲ್ಲರೂ ಅದಕ್ಕೇ ಬಾಯಿ ಹಚ್ಚಿ ಕುಡಿಯಬೇಕು, ಸುತ್ತು ಬರುವಷ್ಟರಲ್ಲಿ ಮತ್ತೆ ಕಲ್ಲು. ಅವ್ವನಿಗೆ ಹೇಳಬೇಡ. ಸ್ಟೋವು ಕಾಯಲು ಸರದಿ ಹಾಕಿದ್ದೇವೆ. ನಮ್ಮೂರ ಫಕೀರ ದಿನಾ ತನ್ನ ಸರದಿ ತಪ್ಪಿಸುತ್ತಾನೆ. ಹೊಟ್ಟೆನೋವು ಅನ್ನುತ್ತಾನೆ, ಕುಡಿಯುವುದಕ್ಕೆ ಮಾತ್ರ ಎಲ್ಲರಿಗಿಂತ ಮುಂದೆ.’

ನಾನು ಬಯಲುಸೀಮೆಯವಳು. ಸಾಯುವವರ ಬಾಯಿಗೆ ನೀರು ಬಿಡುವುದನ್ನು ನೋಡಿ ಬೆಳೆದವಳು. ಸಾವು ಎಂದೊಡನೆ ಬಾಟಲಿ, ನೀರು ಎಂದು ಬರೆದಿದ್ದೆ. ಅಲ್ಲಿ ಬಾಟಲಿಯಲ್ಲಿ ನೀರೇ ಇರುವುದಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಉಳಿದವರಿಗೂ ಹೊಳೆದಿರಲಿಲ್ಲ.

ಕಾಗದದಲ್ಲಿ ಬರೆದದ್ದು ಬೇರೆ ತುಕಡಿಗಳಿಗೂ ನಿಜವೇ ಎಂದು ಸೈನ್ಯದವರನ್ನು ಕೇಳಿದೆವು. ಎಲ್ಲ ತುಕಡಿಗಳಲ್ಲೂ ಹಾಗೆಯೇ ಎಂದು ಎರಡು ದಿನಗಳಲ್ಲಿ ಉತ್ತರ ಬಂತು. ಆಮೇಲೆ ಬರೆದೆ. ಬರೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

‘ಹಿಂದಿನ ಸಲ ನಿಮಗೆ ಬೇರೆ ಬೇರೆ ಮಾತು ಹೇಳಿದೆವು. ಅದು ತಪ್ಪು. ಈಗ ಎಲ್ಲರಿಗೂ ಒಂದೇ ಮಾತು. ಏಳನೇ ಠಾಣೆಯಲ್ಲಿ ಸಾವಿರದ ನೂರ ನಲವತ್ತಾರು ಮಂದಿ ಸತ್ತರು. ಕೊನೆಯ ಗಳಿಗೆಯಲ್ಲಿ ಅವರು ಏನು ಮಾಡಿದರು, ಏನು ಅಂದರು, ನಮಗೆ ಗೊತ್ತಿಲ್ಲ. ನೋಡಿದವರು ಯಾರೂ ಉಳಿದಿಲ್ಲ. ಗೊತ್ತಿರುವುದು ಇಷ್ಟು. ಅಲ್ಲಿ ನೀರು ಕಲ್ಲಾಗುತ್ತಿತ್ತು. ಹನ್ನೊಂದು ಮಂದಿಗೆ ಒಂದು ಪಾತ್ರೆ ಇತ್ತು. ಒಬ್ಬ ಬೆಂಕಿ ಕಾಯುತ್ತಿದ್ದ, ಎಲ್ಲರೂ ಅದರಲ್ಲೇ ಕುಡಿಯುತ್ತಿದ್ದರು. ಕಣಿವೆ ಇನ್ನೂ ನಮ್ಮ ಕೈಯಲ್ಲಿದೆ. ಅದನ್ನು ಉಳಿಸಿಕೊಟ್ಟವರು ಹೀಗೆ ಬದುಕಿದ್ದರು. ಅವರಿಗೆ ಕೊಡಲು ನಮ್ಮಲ್ಲಿ ದೊಡ್ಡ ಮಾತಿಲ್ಲ. ಇನ್ನು ಮುಂದೆ ನಮಗೆ ಗೊತ್ತಿದ್ದದ್ದನ್ನೇ ನಿಮಗೆ ಹೇಳುತ್ತೇವೆ, ಒಬ್ಬರಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇವೆ.’

ನಾಡಿಗೇರ ಸರ್ ಅದನ್ನು ಯಂತ್ರಕ್ಕೆ ಕೊಟ್ಟು ನೋಡಿದರು. ಎರಡನೇ ವಾಕ್ಯದಲ್ಲೇ ನೂರಕ್ಕೆ ನಲವತ್ತು ಮಂದಿ ಕೇಳುವುದನ್ನು ಬಿಡುತ್ತಾರೆ ಎಂದಿತು. ಅವರು ಯಂತ್ರ ಬಂದ್ ಮಾಡಿ ಭಾಷಣವನ್ನು ದಿಲ್ಲಿಗೆ ಕಳಿಸಿದರು. ಅಲ್ಲಿ ‘ಅದು ತಪ್ಪು’ ಎಂಬುದನ್ನು ತೆಗೆದರು. ನಾನು ಜಗಳವಾಡಲಿಲ್ಲ. ಆಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಪ್ರಸಾರದ ಹಿಂದಿನ ದಿನ ಊರಿಗೆ ಹೋದೆ. ಅತ್ತೆಗೆ ಮೊದಲೇ ಹೇಳಬೇಕಿತ್ತು.

“ಅತ್ತಿ, ಆ ನೀರಿನ ಮಾತು...”

“ರೊಟ್ಟಿ ಆರತಾವ. ಮದಲ ಉಣ್ಣು.”

ಉಂಡೆ.

“ಅತ್ತಿ, ಅದನ್ನ ಬರದಾಂವ್ರು...”

“ಎಮ್ಮಿಗೆ ಹಿಂಡಿ ಇಟ್ಟಿಲ್ಲ,” ಎಂದು ಎದ್ದು ಹೋದರು.

ಮರುದಿನ ಸಂಜೆ ಐದಕ್ಕೆ ಭಾಷಣ. ಫೋನಿಗೆ ಬರುವುದಿಲ್ಲ, ರೇಡಿಯೊದಲ್ಲಿ ಮಾತ್ರ ಎಂದು ಸಾರಿದ್ದರು. ಊರಿನಲ್ಲಿ ಕೆಲಸ ಮಾಡುವ ರೇಡಿಯೊ ಎರಡೇ ಇದ್ದವು. ಒಂದು ಚನಮಲ್ಲಪ್ಪ ಕಾಕಾನದು. ಅದನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟರು. ಹಳ್ಳದಾಚೆಯವರಲ್ಲಿ ರೇಡಿಯೊ ಇರಲಿಲ್ಲ. ಹತ್ತು ಹನ್ನೆರಡು ಮಂದಿ ಬಂದು ಬೇವಿನ ಕೆಳಗೆ ನಿಂತರು. ದುರಗವ್ವ ಹಿಂದೆ ನಿಂತಿದ್ದಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಪ್ರಧಾನಿ ತಮ್ಮ ಭಾಷೆಯಲ್ಲಿ ಓದಿದರು. ದನಿ ಒರಟಾಗಿತ್ತು. ಯಂತ್ರ ಅದನ್ನು ನುಣುಪು ಮಾಡಿರಲಿಲ್ಲ. ಆಮೇಲೆ ವಾರ್ತೆ ಓದುವ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಓದಿದಳು. ಐವತ್ತು ಸೆಕೆಂಡು. ‘ನಮಗೆ ಗೊತ್ತಿಲ್ಲ’ ಎಂದಾಗ ಬೇವಿನ ಕೆಳಗೆ ಯಾರೋ, “ಹೂಂ,” ಎಂದರು.

ಮುಗಿಯಿತು. ಕಾಕಾ ರೇಡಿಯೊ ಅಲ್ಲಾಡಿಸಿ ನೋಡಿದರು. “ಆತೇನು? ಇಷ್ಟನಾ?”

ನಾನು ಅತ್ತೆಯನ್ನು ನೋಡುತ್ತಿದ್ದೆ. ಅವರು ರೇಡಿಯೊ ನೋಡುತ್ತಿದ್ದರು.

“ಇದರಾಗ ಅಂವನ ಹೆಸರಿಲ್ಲ,” ಎಂದರು.

“ಇಲ್ಲ ಅತ್ತಿ. ಆ ನೀರಿನ ಮಾತು ನಾನು ಬರೆದದ್ದು. ಕೆಲಸದಲ್ಲಿ. ಅದು ಖರೆ ಅಲ್ಲ.”

“ಗೊತ್ತೈತಿ ತಗೋ.”

“ನಾನು ಬರೆದದ್ದಂತ?”

“ಯಾರರೆ ಬರೀಲಿ. ಅಂವ ನೀರ ಕೊಡಾಂವಲ್ಲ. ಹಡದಾಕಿಗೆ ಗೊತ್ತಿರಂಗಿಲ್ಲೇನು? ತನ್ನ ತಂಬಿಗಿ ನನಗ ಮುಟ್ಟಗೊಡತಿದ್ದಿಲ್ಲ, ಇನ್ನ ಬಾಜೂದವಗ ಕೊಡತಾನ?”

“ಮತ್ತ ಮುನ್ನೂರು ಸಲ ಯಾಕ ಕೇಳಿದ್ರಿ?”

“ಹೆಸರ ಹಿಡದ ಹೇಳತಿತ್ತಲ್ಲ,” ಎಂದರು. “ದಿನಾ ಹೆಸರ ಹಿಡಿಯಾಂವ್ರು ಯಾರದಾರ ಇನ್ನ?”

ಸೆರಗಿನಲ್ಲಿದ್ದ ಕಾಗದ ತೆಗೆದೆ. ಅವ್ವನಿಗೆ ಹೇಳಬೇಡ ಎಂದಿದ್ದ. ಆ ಸಾಲೊಂದನ್ನು ಬಿಟ್ಟು ಉಳಿದದ್ದನ್ನು ಗಟ್ಟಿಯಾಗಿ ಓದಿದೆ. ಎಲ್ಲರಿಗೂ ಕೇಳಿಸುವಂತೆ ಓದಿದೆ. ಹನ್ನೊಂದು ಮಂದಿ ಒಂದೇ ಪಾತ್ರೆಗೆ ಬಾಯಿ ಹಚ್ಚಿ ಕುಡಿದದ್ದನ್ನು ಕಾಕಾ ತಲೆ ತಗ್ಗಿಸಿ ಕೇಳಿದರು. ಫಕೀರ ದಿನಾ ಸರದಿ ತಪ್ಪಿಸುತ್ತಾನೆ, ಹೊಟ್ಟೆನೋವು ಅನ್ನುತ್ತಾನೆ, ಎಂಬಲ್ಲಿಗೆ ಬಂದೆ.

ಹಿಂದಿನಿಂದ ಒಂದು ಸದ್ದು ಬಂತು. ದುರಗವ್ವ ನಗುತ್ತಿದ್ದಳು.

“ಅಂವ್ನ! ಅಂವ್ನ ನೋಡ್ರೀ ಅದು! ಕಟಗಿ ಒಡಿಯಂದ್ರ ಹೊಟ್ಟಿಬ್ಯಾನಿ, ಸಾಲಿಗೆ ಹೋಗಂದ್ರ ಹೊಟ್ಟಿಬ್ಯಾನಿ. ನೀರ ಕೊಟ್ಟಾಂವ ಯಾವನೋ, ನನಗ ಗುರ್ತ ಹತ್ತಿದ್ದಿಲ್ರೀ. ಇಂವ ನನ್ನ ಮಗ.” ನಗುತ್ತಲೇ ಅವಳ ದನಿ ಒಡೆಯಿತು. “ಇಂವ ಖರೆ ನನ್ನ ಮಗ.”

ಅತ್ತೆ ಎದ್ದರು. ಗೂಡಿನಿಂದ ತಂಬಿಗೆ ತೆಗೆದುಕೊಂಡರು. ಬೆಳಿಗ್ಗೆ ತುಂಬಿದ್ದು, ಇನ್ನೂ ಸುರಿದಿರಲಿಲ್ಲ. ಕಟ್ಟೆ ಇಳಿದು ಬೇವಿನ ಕೆಳಗೆ ಹೋದರು. ದುರಗವ್ವ ರೂಢಿಯಂತೆ ಬೊಗಸೆ ಒಡ್ಡಿದಳು.

“ಕೈ ತಗಿ ದುರಗವ್ವಾ,” ಎಂದರು ಅತ್ತೆ. “ಹಿಡಿ ಇದನ್ನ.”

“ಬ್ಯಾಡ್ರೀ ಅವ್ವಾರ. ಹುಡುಗನ ತಂಬಿಗಿ.”

“ಅಂವನ ಅಲ್ಲಿ ಎಲ್ಲಾರ ಪಾತ್ರಿ ಕಚ್ಚಿ ಕುಡದಾನಂತ. ಇನ್ನ ಯಾರ ಸಿಟ್ಟಾಗಾಂವ್ರು?”

ಚನಮಲ್ಲಪ್ಪ ಕಾಕಾ ಏನೋ ಹೇಳಲು ಬಾಯಿ ತೆರೆದವರು ರೇಡಿಯೊ ಎತ್ತಿಕೊಂಡು ಮನೆಗೆ ಹೋದರು. ಮರುದಿನ ಬೋರಿನ ನೀರು ಬಿಟ್ಟವರೂ ಅವರೇ. ಯಾಕೆ ಬಿಟ್ಟರೆಂದು ಯಾರೂ ಕೇಳಲಿಲ್ಲ.

ದುರಗವ್ವ ತಂಬಿಗೆ ಹಿಡಿದು ಬಾಯಿಯ ಕೆಳಗಿನ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು. “ಇಲ್ಲೇನ್ ಬರದೈತ್ರೀ ಸಣ್ಣ ಅವ್ವಾರ?”

“ಸೋಮಲಿಂಗ ಅಡಿವೆಪ್ಪ ತಿಗಡಿ,” ಎಂದು ಓದಿದೆ. ಅವನು ಹೋದ ಮೇಲೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ಇನ್ನೊಮ್ಮೆ ಅನ್ನು,” ಎಂದರು ಅತ್ತೆ.

ಅಂದೆ.

ದುರಗವ್ವ ಕುಡಿದಳು. ಅತ್ತೆ ಕುಡಿದರು. ದೇಶ ಒಂದಾಯಿತೇ ಎಂದು ಆಮೇಲೆ ಪತ್ರಿಕೆಯವರು ಬಂದು ಕೇಳಿದರು. ಆ ಭಾಷಣವನ್ನು ಅಳೆಯಲು ನಮ್ಮ ಬಳಿ ಪರದೆ ಇರಲಿಲ್ಲ. ರೈಲುಗಳು ಓಡತೊಡಗಿದವು, ಸಾಲುಗಳಲ್ಲಿ ಹುಡುಗರು ಮತ್ತೆ ನಿಂತರು. ನನಗೆ ಗೊತ್ತಿರುವುದು ಇಷ್ಟು.

ತಂಬಿಗೆ ನನ್ನ ಕೈಗೆ ಬಂದಾಗ ಒಂದು ಗುಟುಕು ಉಳಿದಿತ್ತು. ಹದಿನಾಲ್ಕು ತಿಂಗಳು ಮುಟ್ಟದಿದ್ದ ತಂಬಿಗೆ. ಬಾಯಿ ಹಚ್ಚಿ ಕುಡಿದೆ. ನೀರು ತಣ್ಣಗಿತ್ತು. ತಣ್ಣಗಿದೆ ಎಂದು ತಿಳಿಯಿತು.